ನಾರ್ಮಾಳನ್ನು ಹುಡುಕಿ ಹೊರಟ ಊರು

1945ರ ಸೆಪ್ಟೆಂಬರ್. ಎರಡನೇ ಮಹಾಯುದ್ಧ ಮುಗಿದು ಕೆಲವೇ ವಾರಗಳಾಗಿದ್ದವು. ಅಮೆರಿಕದ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ 'ಪ್ಲೇನ್ ಡೀಲರ್' ಎಂಬ ದಿನಪತ್ರಿಕೆ ಒಂದು ವಿಚಿತ್ರ ಸ್ಪರ್ಧೆ ಹೂಡಿತು. ಸೌಂದರ್ಯ ಸ್ಪರ್ಧೆಯಲ್ಲ, ಹಾಡಿನದೂ ಅಲ್ಲ. ಊರಿನ ಹೆಂಗಸರಲ್ಲಿ ಅತ್ಯಂತ 'ಸಹಜ'ವಾದ ಮೈಕಟ್ಟು ಯಾರದು ಎಂದು ಪತ್ತೆ ಹಚ್ಚುವ ಸ್ಪರ್ಧೆ. ಭಾಗವಹಿಸುವವರು ಒಂಬತ್ತು ಅಳತೆಗಳನ್ನು ಬರೆದು ಕಳಿಸಬೇಕು: ಎತ್ತರ, ತೂಕ, ಎದೆ, ಸೊಂಟ, ನಿತಂಬ, ತೊಡೆ, ಮೀನಖಂಡ, ಕಣಕಾಲು, ಪಾದ. ಯಾರ ಅಳತೆಗಳು ನಾರ್ಮಾ ಎಂಬವಳ ಅಳತೆಗಳಿಗೆ ಅತಿ ಹತ್ತಿರವಿರುತ್ತವೋ ಅವರಿಗೆ ಬಹುಮಾನ, ಯುದ್ಧ ಬಾಂಡುಗಳ ರೂಪದಲ್ಲಿ.

ನಾರ್ಮಾ ಒಂದು ಪ್ರತಿಮೆ. ನಗರದ ಆರೋಗ್ಯ ಸಂಗ್ರಹಾಲಯದಲ್ಲಿ ನಿಂತಿದ್ದ, ಬಟ್ಟೆಯಿಲ್ಲದ, ಬಿಳಿಯ ಪ್ರತಿಮೆ. ಅವಳ ಜೊತೆಗೆ ನಾರ್ಮನ್ ಎಂಬ ಗಂಡು ಪ್ರತಿಮೆಯೂ ಇತ್ತು, ಆದರೆ ಅವನನ್ನು ಹುಡುಕಲು ಯಾವ ಪತ್ರಿಕೆಯೂ ಸ್ಪರ್ಧೆ ಇಡಲಿಲ್ಲ. ಪತ್ರಿಕೆಯಲ್ಲಿ ದಿನವೂ ನಾರ್ಮಾಳ ಕುರಿತ ಬರಹ. ವೈದ್ಯರು, ವ್ಯಾಯಾಮ ಶಿಕ್ಷಕಿಯರು, ಕಲಾವಿದರು, ಪಾದ್ರಿಗಳವರೆಗೆ ಎಲ್ಲರೂ ಅವಳ ಬಗ್ಗೆ ಅಭಿಪ್ರಾಯ ಹೇಳಿದರು. ಹತ್ತು ದಿನಗಳಲ್ಲಿ 3,864 ಹೆಂಗಸರು ಅರ್ಜಿ ತುಂಬಿ ಕಳಿಸಿದರು.

ಗೆದ್ದವರು ಯಾರು? ನಿಜವಾಗಿ ನೋಡಿದರೆ ಯಾರೂ ಇಲ್ಲ. ಒಂಬತ್ತು ಅಳತೆಗಳ ಪೈಕಿ ಐದರಲ್ಲಿ ಸರಾಸರಿಯ ಹತ್ತಿರಕ್ಕೆ ಬಂದವರೇ 40ಕ್ಕಿಂತ ಕಡಿಮೆ. ಒಂಬತ್ತಕ್ಕೆ ಒಂಬತ್ತೂ ಹೊಂದಿದವರು ಒಬ್ಬರೂ ಇರಲಿಲ್ಲ. ಇದ್ದುದರಲ್ಲಿ ಹತ್ತಿರ ಎಂದು, ಚಿತ್ರಮಂದಿರವೊಂದರಲ್ಲಿ ಟಿಕೆಟ್ ಕೊಡುತ್ತಿದ್ದ 23 ವರ್ಷದ ತರುಣಿಗೆ ಬಹುಮಾನ ಕೊಟ್ಟು ಕೈ ತೊಳೆದುಕೊಂಡರು. ಈ ಸ್ಪರ್ಧೆಗೆ ಮುಂಚೆ ತನ್ನ ಬದುಕಿನಲ್ಲಿ ವಿಶೇಷವೇನೂ ನಡೆದಿರಲಿಲ್ಲವೆಂದು ಆಕೆ ಹೇಳಿಕೊಂಡಿದ್ದಾಗಿ ಪತ್ರಿಕೆ ಬರೆಯಿತು.

ಇಲ್ಲಿ ನಿಂತು ಯೋಚಿಸಬೇಕಾದ ಸಂಗತಿ ಒಂದಿದೆ. ಸುಮಾರು ನಾಲ್ಕು ಸಾವಿರ ಹೆಂಗಸರಲ್ಲಿ ಒಬ್ಬರೂ 'ಸಹಜ'ವಾಗಿಲ್ಲ ಎಂದಾದಾಗ, ತಪ್ಪಿರುವುದು ಹೆಂಗಸರಲ್ಲೋ ಪ್ರತಿಮೆಯಲ್ಲೋ ಎಂಬ ಪ್ರಶ್ನೆ ಏಳಬೇಕಿತ್ತು. ಅಂದಿನ ವೈದ್ಯರಲ್ಲಿ, ಶಿಕ್ಷಕರಲ್ಲಿ ಅನೇಕರಿಗೆ ಹೊಳೆದದ್ದು ಬೇರೆ: ಊರಿನ ಹೆಂಗಸರು ಸರಿಯಾಗಿ ವ್ಯಾಯಾಮ ಮಾಡುತ್ತಿಲ್ಲ, ಮೈ ಕಾಪಾಡಿಕೊಳ್ಳುತ್ತಿಲ್ಲ. ಏಳೇ ವರ್ಷಗಳ ನಂತರ ಇದೇ ಲೆಕ್ಕ ಗಂಡಸರ ವಿಷಯದಲ್ಲಿ ಬಂದಾಗ ತೀರ್ಮಾನ ತಲೆಕೆಳಗಾಯಿತು. ಅಮೆರಿಕದ ವಾಯುಪಡೆಯ ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವ ಸಂಶೋಧಕ 4,063 ಪೈಲಟ್‌ಗಳ ಅಳತೆ ಹಿಡಿದು ನೋಡಿದ. ಹತ್ತು ಅಳತೆಗಳಲ್ಲೂ ಸರಾಸರಿಗೆ ಬರುವವನು ಒಬ್ಬನೂ ಇರಲಿಲ್ಲ. ಪೈಲಟ್‌ಗಳಿಗೆ ಯಾರೂ ಮೈ ತಿದ್ದಿಕೊಳ್ಳಿ ಎನ್ನಲಿಲ್ಲ. ವಿಮಾನದ ಆಸನವನ್ನು ಹಿಂದೆ ಮುಂದೆ ಸರಿಸುವಂತೆ ಮಾಡಿದರು.

ನಾರ್ಮಾಳ ಅಂಕಿಗಳು ಬಂದದ್ದಾದರೂ ಎಲ್ಲಿಂದ? ಅದರ ಮೂಲ ಬಟ್ಟೆ ವ್ಯಾಪಾರದಲ್ಲಿದೆ. 1930ರ ದಶಕದಲ್ಲಿ ಅಮೆರಿಕದ ಹೆಂಗಸರು ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ಸಿದ್ಧ ಉಡುಪು ತರಿಸುತ್ತಿದ್ದರು. ಮೈಗೆ ಹೊಂದದೆ ವಾಪಸು ಕಳಿಸುತ್ತಿದ್ದರು. ಅಂಗಡಿಗಳಿಗೆ ನಷ್ಟ. ಹಾಗಾಗಿ ಕೃಷಿ ಇಲಾಖೆಯ ಗೃಹವಿಜ್ಞಾನ ವಿಭಾಗದ ರೂತ್ ಒಬ್ರಾಯನ್ ಮತ್ತು ಸಂಖ್ಯಾಶಾಸ್ತ್ರಜ್ಞ ವಿಲಿಯಂ ಶೆಲ್ಟನ್ 1939–40ರಲ್ಲಿ ಸುಮಾರು 15,000 ಹೆಂಗಸರ ಅಳತೆ ತೆಗೆಸಿದರು. ಒಬ್ಬೊಬ್ಬರದೂ ತೂಕ ಸೇರಿ 59 ಅಳತೆ. 1941ರಲ್ಲಿ ವರದಿ ಪ್ರಕಟವಾಯಿತು. ಕೆಲಸವೇನೋ ದೊಡ್ಡದು, ಶ್ರದ್ಧೆಯದು. ಆದರೆ ಅಳೆಯಲು ಬಂದವರಲ್ಲಿ ಬಿಳಿಯರಲ್ಲದವರ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಪ್ರತಿಮೆ ಮಾಡುವ ಹೊತ್ತಿಗೆ ಇನ್ನೊಂದು ಸಲ ಜರಡಿ ಹಿಡಿದರು: ಎಳೆಯ ವಯಸ್ಸಿನವರನ್ನಷ್ಟೇ ಉಳಿಸಿಕೊಂಡರು. ಹೆತ್ತು ಹೊತ್ತು ನಡುವಯಸ್ಸಿಗೆ ಬಂದವರು, ಮುದುಕಿಯರು, ಕಪ್ಪು ಹೆಂಗಸರು ಎಲ್ಲರೂ ಹೊರಗೆ ಬಿದ್ದ ಮೇಲೆ ಉಳಿದದ್ದರ ಹೆಸರು 'ಸಾಮಾನ್ಯ ಅಮೆರಿಕನ್ ಮಹಿಳೆ'.

ಅದೇ ಸಮೀಕ್ಷೆಯ ಆಧಾರದ ಮೇಲೆ 1958ರಲ್ಲಿ ಅಮೆರಿಕ ಸರ್ಕಾರ ಹೆಂಗಸರ ಸಿದ್ಧ ಉಡುಪಿಗೆ ಒಂದು ಅಳತೆಯ ಮಾನದಂಡ ಹೊರಡಿಸಿತು. ತಯಾರಕರು ಅದನ್ನು ತಮಗೆ ಬೇಕಾದಂತೆ ಹಿಗ್ಗಿಸಿ ಕುಗ್ಗಿಸಿ ಬಳಸಿದರು. ಕೊನೆಗೆ 1983ರಲ್ಲಿ ಸರ್ಕಾರವೇ ಅದನ್ನು ಹಿಂತೆಗೆದುಕೊಂಡಿತು. ನಮ್ಮಲ್ಲಿಯೂ ಸಿದ್ಧ ಉಡುಪಿನ ಅಂಗಡಿಗಳು ಬಹುಕಾಲ ನೆಚ್ಚಿಕೊಂಡದ್ದು ಹೊರದೇಶಗಳ ಇಂಥ ಪಟ್ಟಿಗಳನ್ನೇ. ಭಾರತದ ಮೈಗಳದೇ ಅಳತೆ ಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, 'ಇಂಡಿಯಾಸೈಜ್' ಎಂಬ ಸಮೀಕ್ಷೆಗೆ ಇಳಿದದ್ದು ತೀರಾ ಇತ್ತೀಚೆಗೆ. ಆರು ನಗರಗಳಲ್ಲಿ, 15ರಿಂದ 65 ವಯಸ್ಸಿನ ಸುಮಾರು 25,000 ಹೆಂಗಸರು ಗಂಡಸರನ್ನು ಯಂತ್ರದಿಂದ ಸ್ಕ್ಯಾನ್ ಮಾಡುವ ಯೋಜನೆ ಅದು. ಅಲ್ಲಿಯವರೆಗೆ ನಮ್ಮ ಹೆಂಗಸರನ್ನು ಕಾಪಾಡಿದ್ದು ಅಳತೆ ರವಿಕೆ. ಊರು ಬಿಟ್ಟು ಪುಣೆಗೋ ದೆಹಲಿಗೋ ಬಂದು ನೆಲೆಸಿದ ಮನೆಗಳಲ್ಲಿ ಇವತ್ತಿಗೂ ಕಪಾಟಿನ ಮೂಲೆಯಲ್ಲಿ ಮಡಿಸಿಟ್ಟ ಅಂಥದೊಂದು ರವಿಕೆ ಇರುತ್ತದೆ. ದರ್ಜಿಗೆ ಅದನ್ನು ಕೊಟ್ಟರೆ ಸಾಕು. ಅವನಿಗೆ ಸರಾಸರಿಯ ಗೊಡವೆ ಬೇಡ, ಈ ಒಂದು ಮೈ ಗೊತ್ತಾದರೆ ಆಯಿತು.

ಇಲ್ಲಿ ಒಬ್ಬರು ಕೇಳಬಹುದು: ಹೆಣ್ಣಿನ ಮೈಗೊಂದು ಮಾದರಿ ಕಟ್ಟಿ ನಿಲ್ಲಿಸುವುದು ಹೊಸದೇನು? ಬೇಲೂರಿನ ಗುಡಿಯ ಮದನಿಕೆಯರೂ ಮಾದರಿಗಳೇ ಅಲ್ಲವೇ? ಹೌದು. ಸಿಂಹಕಟಿ, ದುಂಡುಮೊಗ, ತುಂಬಿದೆದೆ, ಎಲ್ಲವೂ ಶಿಲ್ಪಶಾಸ್ತ್ರದ ಲೆಕ್ಕಕ್ಕೆ ತಕ್ಕ ಹಾಗೆ ಕಡೆದದ್ದು. ಆದರೆ ಆ ಶಿಲ್ಪಿ ಹಳೇಬೀಡು ಬೇಲೂರು ಸೀಮೆಯ ಹೆಂಗಸರನ್ನೆಲ್ಲ ಅಳೆದು ಸರಾಸರಿ ತೆಗೆದೆ ಎಂದು ಹೇಳಲಿಲ್ಲ. ನೋಡಿದವರೂ ಹಾಗೆಂದುಕೊಳ್ಳಲಿಲ್ಲ. ಗ್ರೀಕರ ವೀನಸ್ ಕೂಡ ಹಾಗೆಯೇ, ಅವಳು ದೇವತೆ. ಅವಳಂತಿಲ್ಲವೆಂದು ಯಾರೂ ವೈದ್ಯರ ಬಳಿಗೆ ಓಡಲಿಲ್ಲ. ನಾರ್ಮಾ ಬೇರೆ ಜಾತಿಯವಳು. ಅವಳು ಆದರ್ಶವೇ, ಆದರೆ ಅಂಕಿಸಂಖ್ಯೆಯ ಸೀರೆ ಉಟ್ಟು ಬಂದವಳು. ನಾನು ಚೆಲುವೆಯೆಂದು ಅವಳು ಹೇಳಲಿಲ್ಲ, ನಾನು ಸಾಮಾನ್ಯಳೆಂದಳು. ಚೆಲುವೆಯ ಜೊತೆ ವಾದಿಸಬಹುದು, ಸಾಮಾನ್ಯದ ಜೊತೆ ವಾದಿಸುವುದು ಕಷ್ಟ. ಅವಳ ಬಗ್ಗೆ 1945ರಲ್ಲಿ ಬರೆದ ಮಾನವಶಾಸ್ತ್ರಜ್ಞ ಹ್ಯಾರಿ ಶಪೀರೊ ಈ ಗೊಂದಲವನ್ನು ಬಾಯಿಬಿಟ್ಟೇ ಒಪ್ಪಿಕೊಂಡಿದ್ದ. ಸರಾಸರಿ ಮೈಕಟ್ಟು ಒಂದು ರೀತಿಯ ಪರಿಪೂರ್ಣತೆಗೆ ಹತ್ತಿರವಿದೆ, ಆ ಸರಾಸರಿ ಸಿಗುವುದು ಮಾತ್ರ ಬಹಳ ಅಪರೂಪ ಎಂಬುದು ಅವನ ಮಾತಿನ ಸಾರ. ಅಪರೂಪವಾದದ್ದು ಸರಾಸರಿ ಹೇಗಾಯಿತೆಂದು ಅವನು ಕೆದಕಲಿಲ್ಲ.

ಆದರ್ಶವನ್ನು ವಿಜ್ಞಾನದ ಹೆಸರಿನಲ್ಲಿ ಮಂಡಿಸುವ ಈ ರೂಢಿ ನಾರ್ಮಾಳಿಗಿಂತ ಇನ್ನೂರು ವರ್ಷ ಹಳೆಯದು. ಹದಿನೆಂಟನೇ ಶತಮಾನದ ಮಧ್ಯದವರೆಗೆ ಯೂರೋಪಿನ ವೈದ್ಯ ಗ್ರಂಥಗಳಲ್ಲಿ ಮನುಷ್ಯನ ಅಸ್ಥಿಪಂಜರವೆಂದರೆ ಸಾಮಾನ್ಯವಾಗಿ ಗಂಡಿನದೇ. ಹೆಣ್ಣಿನದೂ ಬೇಕೆಂಬ ಯೋಚನೆ ಬಂದಾಗ ಎರಡು ಚಿತ್ರಗಳು ಎದುರುಬದುರಾದವು. 1759ರಲ್ಲಿ ಪ್ಯಾರಿಸ್ಸಿನಲ್ಲಿ ಹೊರಬಂದ ಚಿತ್ರವನ್ನು ಮಾಡಿಸಿದವರು ಒಬ್ಬ ಹೆಂಗಸು, ಥಿರೂ ದಾರ್ಕೊನ್‌ವಿಲ್. ಆಕೆ ತನ್ನ ಹೆಸರು ಹಾಕಿಕೊಳ್ಳಲಿಲ್ಲವಾಗಿ ಬಹುಕಾಲ ಅದು ಗಂಡಸೊಬ್ಬನ ಕೃತಿಯೆಂದೇ ನಡೆಯಿತು. ಆ ಅಸ್ಥಿಪಂಜರದ ತಲೆಬುರುಡೆ ತೀರ ಚಿಕ್ಕದು, ಪಕ್ಕೆಲುಬಿನ ಗೂಡು ಕಿರಿದು, ಕಟಿಯ ಎಲುಬು ಮಾತ್ರ ಅಗಲವೋ ಅಗಲ. ಇನ್ನೊಂದು ಚಿತ್ರ 1790ರ ದಶಕದ ಕೊನೆಯದು, ಜರ್ಮನಿಯ ಸ್ಯಾಮ್ಯುಯೆಲ್ ಸೊಮ್ಮರಿಂಗ್‌ನದು. ಆತ ಇಪ್ಪತ್ತು ವರ್ಷದ ಹೆಣ್ಣೊಬ್ಬಳ ಅಸ್ಥಿಪಂಜರವನ್ನು ಆರಿಸಿಕೊಂಡು, ಅದು ಸರಿಯೋ ಎಂದು ವೀನಸ್ ಪ್ರತಿಮೆಗಳ ಜೊತೆ ಹೋಲಿಸಿ ನೋಡಿದ. ಎಲುಬಿಗೂ ಅಮೃತಶಿಲೆಯೇ ಸಾಕ್ಷಿ! ಆದರೂ ಅವನ ಚಿತ್ರದಲ್ಲಿ ತಲೆ ಮೈಗೆ ತಕ್ಕಷ್ಟಿತ್ತು, ಪಕ್ಕೆಲುಬುಗಳೂ ಉಸಿರಾಡುವಷ್ಟು ಅಗಲವಿದ್ದವು.

ಗೆದ್ದದ್ದು ಮೊದಲನೆಯ ಚಿತ್ರ. ಸೊಮ್ಮರಿಂಗ್ ಪಕ್ಕೆಲುಬುಗಳನ್ನು ದೊಡ್ಡದಾಗಿ ಬರೆದಿದ್ದಾನೆ ಎಂದು ಟೀಕಾಕಾರರು ಆಡಿಕೊಂಡರು. ಹೆಂಗಸರು ಮನೆಯಲ್ಲೇ ಕೂತಿರುವವರು, ಅವರಿಗೆ ಅಷ್ಟು ಉಸಿರು ಯಾಕೆ ಬೇಕು ಎಂಬ ವಾದವೂ ಬಂತು. ಎಡಿನ್‌ಬರೋದ ಜಾನ್ ಬಾರ್ಕ್ಲೇಯ ಪುಸ್ತಕದಲ್ಲಿ ಗಂಡಿನ ಅಸ್ಥಿಪಂಜರದ ಪಕ್ಕಕ್ಕೆ ಕುದುರೆಯದನ್ನೂ, ಹೆಣ್ಣಿನದರ ಪಕ್ಕಕ್ಕೆ ಉಷ್ಟ್ರಪಕ್ಷಿಯದನ್ನೂ ನಿಲ್ಲಿಸಿದರು: ಚಿಕ್ಕ ತಲೆ, ಉದ್ದ ಕತ್ತು, ದೊಡ್ಡ ಕಟಿ. ಮುಂದೆ ಮೈಯ ಅಳತೆಗೆ ಹೋಲಿಸಿದರೆ ಹೆಂಗಸರ ತಲೆಬುರುಡೆ ಚಿಕ್ಕದಲ್ಲ, ತುಸು ದೊಡ್ಡದೇ ಎಂದು ಲೆಕ್ಕ ತೋರಿಸಿದಾಗ, ಅದಕ್ಕೂ ಉತ್ತರ ಸಿದ್ಧವಿತ್ತು. ಮಕ್ಕಳ ತಲೆಯೂ ಮೈಗಿಂತ ದೊಡ್ಡದಲ್ಲವೇ, ಹಾಗಾದರೆ ಹೆಂಗಸು ಪೂರ್ತಿ ಬೆಳೆಯದ ಮನುಷ್ಯಳು ಎಂದರು. ಚಿತ್ರ ಏನೇ ಹೇಳಲಿ, ತೀರ್ಪು ಮೊದಲೇ ಬರೆದಾಗಿತ್ತು. ಈ ಕಥೆಯನ್ನು ಹೊರತೆಗೆದ ಇತಿಹಾಸಕಾರ್ತಿ ಲೊಂಡಾ ಶೀಬಿಂಗರ್ ಇನ್ನೊಂದು ಸಾಧ್ಯತೆಯನ್ನೂ ಸೂಚಿಸುತ್ತಾರೆ. ದಾರ್ಕೊನ್‌ವಿಲ್ ಮಾದರಿಯಾಗಿ ಇಟ್ಟುಕೊಂಡ ದೇಹ ಬಾಲ್ಯದಿಂದ ಬಿಗಿಯಾದ ಕಾರ್ಸೆಟ್ ತೊಟ್ಟು ಪಕ್ಕೆಲುಬು ಬಾಗಿದವಳದೇ ಇರಬಹುದು. ಹಾಗಿದ್ದರೆ ಹೆಣ್ಣಿನ ಪ್ರಕೃತಿ ಎಂದು ಪುಸ್ತಕಗಳಲ್ಲಿ ಅಚ್ಚಾದದ್ದು ಅಂದಿನ ಉಡುಪಿನ ಗುರುತು. ತಮಾಷೆಯೆಂದರೆ, ಕಾರ್ಸೆಟ್ ಮೈಯನ್ನು ಹೇಗೆ ಕೆಡಿಸುತ್ತದೆಂದು ಆ ಕಾಲದಲ್ಲೇ ಪುಸ್ತಕ ಬರೆದವನು ಇದೇ ಸೊಮ್ಮರಿಂಗ್.

ಮತ್ತೆ ನಾರ್ಮಾಳ ಬಳಿಗೆ ಬರೋಣ. ಅವಳನ್ನು ಕೈಯಾರೆ ರೂಪಿಸಿದವನು ಏಬ್ರಮ್ ಬೆಲ್ಸ್ಕಿ ಎಂಬ ಶಿಲ್ಪಿ. ಮಾಡಿಸಿದವನು ನ್ಯೂಯಾರ್ಕಿನ ಸ್ತ್ರೀರೋಗ ವೈದ್ಯ ರಾಬರ್ಟ್ ಲಾಟೂ ಡಿಕಿನ್‌ಸನ್. ಈ ಡಿಕಿನ್‌ಸನ್‌ನದು ಸುಲಭಕ್ಕೆ ಒಂದು ಮಾತಿನಲ್ಲಿ ಮುಗಿಯುವ ವ್ಯಕ್ತಿತ್ವವಲ್ಲ. ಸಂತಾನ ನಿಯಂತ್ರಣದ ಪರವಾಗಿ ಅಮೆರಿಕದ ವೈದ್ಯರನ್ನು ಒಲಿಸಲು ದುಡಿದವನು. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ, ಗರ್ಭದಲ್ಲಿ ಮಗು ಬೆಳೆಯುವ ಬಗೆಯನ್ನು ಬೆಲ್ಸ್ಕಿಯ ಮಾದರಿಗಳ ಮೂಲಕ ಜನಸಾಮಾನ್ಯರಿಗೆ ತೋರಿಸಿದವನು. ಒಳ್ಳೆಯ ಚಿತ್ರಗಾರ ಬೇರೆ. ದಶಕಗಳ ಕಾಲ ತನ್ನಲ್ಲಿಗೆ ಬಂದ ಹೆಂಗಸರನ್ನು ಪರೀಕ್ಷಿಸುವಾಗ ಪೆನ್ಸಿಲ್ ಹಿಡಿದು ಅವರ ಜನನಾಂಗಗಳ ಚಿತ್ರ ಬರೆದಿಟ್ಟುಕೊಂಡ. ಅಳತೆಗಳನ್ನು ಗುರುತು ಹಾಕಿದ. ಹೀಗೆ ಕೂಡಿಬಂದದ್ದು ಐದು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ. 1933ರಲ್ಲಿ ಅವನು ಹೊರತಂದ ಅಂಗರಚನೆಯ ಚಿತ್ರಸಂಪುಟದಲ್ಲಿ ಹೆಣ್ಣಿನ ದೇಹ ಎಷ್ಟೆಷ್ಟು ಬಗೆಯಲ್ಲಿರುತ್ತದೆ ಎಂಬುದು ಪುಟಪುಟದಲ್ಲೂ ಕಾಣುತ್ತದೆ. ಅದಕ್ಕೆ ಮುಂಚೆ ಯಾರೂ ಅಷ್ಟು ನೋಡಿರಲಿಲ್ಲ, ನೋಡಿದ್ದರೂ ಬರೆದಿಟ್ಟಿರಲಿಲ್ಲ.

ನೋಡಿದ್ದನ್ನು ಅವನು ಅರ್ಥ ಮಾಡಿಕೊಂಡ ಬಗೆ ಮಾತ್ರ ಬೇರೆ. ಯೋನಿಯ ಒಳತುಟಿಗಳು ಕೆಲವರಲ್ಲಿ ಹೊರತುಟಿಗಳ ಮರೆಯಲ್ಲೇ ಇರುತ್ತವೆ, ಕೆಲವರಲ್ಲಿ ಹೊರಗೆ ಚಾಚಿಕೊಂಡಿರುತ್ತವೆ. ಎರಡು ಬದಿ ಒಂದೇ ಸಮ ಇರಬೇಕೆಂದೂ ಇಲ್ಲ. ಬಣ್ಣ ಗುಲಾಬಿಯಿಂದ ಗಾಢ ಕಂದಿನವರೆಗೆ. ಕಿವಿ ಮೂಗುಗಳಲ್ಲಿ ವ್ಯತ್ಯಾಸ ಇರುವ ಹಾಗೆಯೇ ಇದೂ. 1902ರಲ್ಲಿ ಬರೆದ ಪ್ರಬಂಧದಲ್ಲಿ ಡಿಕಿನ್‌ಸನ್ ಇದಕ್ಕೆ ಹೇಳಿದ ಕಾರಣ: ಉದ್ದನೆಯ ಒಳತುಟಿ ಹಸ್ತಮೈಥುನದ ಗುರುತು. ಹೆಂಗಸರು ಬಾಯಿಬಿಟ್ಟು ಒಪ್ಪದಿದ್ದರೂ ದೇಹ ಹೇಳುತ್ತದೆ ಎಂದು ಅವನ ನಂಬಿಕೆ. ಅಂದರೆ ವೈವಿಧ್ಯ ಅವನ ಕಣ್ಣಿಗೆ ಬಿತ್ತು, ಆದರೆ ವೈವಿಧ್ಯವಾಗಿ ಅಲ್ಲ, ನಡತೆಯ ಪುರಾವೆಯಾಗಿ. ಸಾವಿರಾರು ಬೇರೆ ಬೇರೆ ದೇಹಗಳನ್ನು ಕೈಯಾರೆ ಬರೆದವನೇ ಕೊನೆಗೆ ಒಂದೇ ಒಂದು ಬಿಳಿಯ ಪ್ರತಿಮೆಗೆ 'ಸಹಜ' ಎಂದು ಹೆಸರಿಟ್ಟ.

ಇದೇ ಶತಮಾನದಲ್ಲಿ ಇನ್ನೊಂದು ಅಂಗ ಪುಸ್ತಕಗಳಿಂದ ಸದ್ದಿಲ್ಲದೆ ಕರಗುತ್ತಿತ್ತು. ಭಗಾಂಕುರ, ಇಂಗ್ಲಿಷಿನಲ್ಲಿ ಕ್ಲಿಟೊರಿಸ್. ಹೊರಗೆ ಕಾಣುವುದು ಅದರ ತುದಿಯಷ್ಟೇ. ಉಳಿದ ಬಹುಭಾಗ ಒಳಗಿದೆ. ಜರ್ಮನ್ ವೈದ್ಯ ಗೆಯೋರ್ಗ್ ಕೋಬೆಲ್ಟ್ 1844ರಲ್ಲೇ ಇದನ್ನೆಲ್ಲ ಬಿಡಿಸಿ, ಚೆನ್ನಾಗಿ ಚಿತ್ರ ಬರೆದು ತೋರಿಸಿದ್ದ. ಇಪ್ಪತ್ತನೇ ಶತಮಾನದ ಪಠ್ಯಪುಸ್ತಕಗಳಲ್ಲಿ ಅದು ಚಿಕ್ಕದೊಂದು ಗುಬುಟಾಗಿ ಉಳಿಯಿತು, ಕೆಲವು ಚಿತ್ರಗಳಲ್ಲಿ ಹೆಸರೂ ಇಲ್ಲವಾಯಿತು. ಮೆಲ್ಬರ್ನಿನ ಹೆಲೆನ್ ಒಕಾನೆಲ್ ಮೂತ್ರರೋಗ ಶಸ್ತ್ರವೈದ್ಯೆ. ತರಬೇತಿಯ ದಿನಗಳಲ್ಲಿ ಅವರು ಓದಿದ ಪುಸ್ತಕಗಳು ಶಸ್ತ್ರಕ್ರಿಯೆಯಲ್ಲಿ ಗಂಡಸರ ನರಗಳನ್ನು ಕಾಪಾಡುವುದು ಹೇಗೆಂದು ವಿವರವಾಗಿ ಹೇಳುತ್ತಿದ್ದವು. ಹೆಂಗಸರ ಅದೇ ನರಗಳು ಎಲ್ಲಿ ಹಾದುಹೋಗುತ್ತವೆ ಎಂಬುದೇ ಸರಿಯಾಗಿ ಇರಲಿಲ್ಲ. ಅವರು ಶವಗಳನ್ನು ಬಿಡಿಸಿ 1998ರಲ್ಲಿ, ಮುಂದೆ ಎಂಆರ್‌ಐ ಸ್ಕ್ಯಾನ್ ಬಳಸಿ 2005ರಲ್ಲಿ ಇಡೀ ರಚನೆಯನ್ನು ಮತ್ತೆ ಪ್ರಕಟಿಸಿದರು. ಅವರು ಗಮನಿಸಿದ ಇನ್ನೊಂದು ವಿಷಯ: ಹಳೆಯ ಅಂಗಚ್ಛೇದನೆಗಳು ಬಹುಮಟ್ಟಿಗೆ ವಯಸ್ಸಾದ ಹೆಂಗಸರ ಶವಗಳದು, ಮುಟ್ಟು ನಿಂತ ಮೇಲೆ ಈ ಅಂಗ ಕುಗ್ಗುತ್ತದೆ. ಆ ಕುಗ್ಗಿದ ರೂಪವನ್ನೇ ಎಲ್ಲ ವಯಸ್ಸಿಗೂ ಹೊಂದಿಸಿಬಿಟ್ಟಿದ್ದರು. ಅಲ್ಲಿ ನಾರ್ಮಾಳಿಗೆ ಎಳೆಯರನ್ನಷ್ಟೇ ಆರಿಸಿದರು, ಇಲ್ಲಿ ಸಿಕ್ಕಿದ ಮುದಿ ದೇಹಗಳಷ್ಟೇ. ತಪ್ಪು ಒಂದೇ ಬಗೆಯದು. ಇಲ್ಲಿ ಅದರ ಬೆಲೆ ತೆತ್ತವರು ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿದವರು.

ಇನ್ನು ಅಂತರ್ಜಾಲದ ಮಾತು. ತನ್ನ ಮೈ ಎಲ್ಲರಂತಿದೆಯೇ ಎಂಬ ಅನುಮಾನ ಹದಿಹರೆಯದಲ್ಲಿ ಯಾರಿಗೆ ಬರುವುದಿಲ್ಲ? ಕೇಳುವುದು ಯಾರನ್ನು? ಕನ್ನಡದ ಹೆಂಗಸರು ಡಾಕ್ಟರ ಮುಂದೆಯೂ 'ಕೆಳಗಡೆ' ಎಂದು ಕೈಸನ್ನೆ ಮಾಡಿ ಸುಮ್ಮನಾಗುತ್ತಾರೆ. ಸಂಸ್ಕೃತದ ಪದ ಪುಸ್ತಕದ್ದಾಯಿತು, ಆಡುಮಾತಿನದು ಬೈಗುಳವಾಯಿತು, ನಡುವೆ ಸಲೀಸಾಗಿ ಬಳಸುವ ಪದವೇ ಉಳಿಯಲಿಲ್ಲ. ಹತ್ತನೇ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದಲ್ಲಿ ಹೆಣ್ಣಿನ ಸಂತಾನೋತ್ಪತ್ತಿ ವ್ಯೂಹದ ಚಿತ್ರವಿದೆ: ಅಂಡಾಶಯ, ಅಂಡನಾಳ, ಗರ್ಭಕೋಶ, ಯೋನಿ. ಎಲ್ಲವೂ ಒಳಗಿನವು. ಹುಡುಗಿ ಕನ್ನಡಿಯಲ್ಲಿ ನೋಡಬಹುದಾದ್ದು ಯಾವುದೂ ಅದರಲ್ಲಿಲ್ಲ. ಹಾಗಾಗಿ ಅವಳು ಫೋನ್ ತೆಗೆಯುತ್ತಾಳೆ.

ಫೋನಿನಲ್ಲಿ ಸಿಗುವುದು ಏನು? ಬ್ರಿಟನ್ನಿನ ಹೆಲೆನಾ ಹೋವರ್ತ್ ಮತ್ತು ಸಂಗಡಿಗರು 2010ರಲ್ಲಿ ಮೂರು ಮೂಲಗಳ ಚಿತ್ರಗಳನ್ನು ಅಳೆದು ಹೋಲಿಸಿದರು: ಅಂತರ್ಜಾಲದ ಅಶ್ಲೀಲ ಚಿತ್ರಗಳು, ಅಂಗರಚನೆಯ ಪಠ್ಯಪುಸ್ತಕಗಳು, ಸ್ತ್ರೀವಾದಿ ಪ್ರಕಟಣೆಗಳು. ಅತಿ ಕಡಿಮೆ ವೈವಿಧ್ಯ ಕಂಡದ್ದು, ಅತಿ ಚಿಕ್ಕ ಒಳತುಟಿಗಳು ಕಂಡದ್ದು ಅಶ್ಲೀಲ ಚಿತ್ರಗಳಲ್ಲಿ. ಆಸ್ಟ್ರೇಲಿಯದಲ್ಲಿ ಇದಕ್ಕೆ ಸರ್ಕಾರದ ನಿಯಮವೂ ನೆರವಾಯಿತು. ಅಲ್ಲಿ ಸಾಮಾನ್ಯ ಅಂಗಡಿಯಲ್ಲಿ ಮಾರುವ ಪತ್ರಿಕೆಗಳಲ್ಲಿ ನಗ್ನ ಚಿತ್ರ ಅಚ್ಚು ಹಾಕಬಹುದು, ಆದರೆ ಜನನಾಂಗದ ವಿವರ ಹೆಚ್ಚು ಕಾಣಬಾರದು. ಒಳತುಟಿ ಹೊರಗೆ ಕಂಡರೆ ಅದು ಹೆಚ್ಚಿನ ವಿವರ. ಸಂಪಾದಕರು ಕಂಪ್ಯೂಟರಿನಲ್ಲಿ ಅದನ್ನು ಅಳಿಸಿ, ಒಂದೇ ಗೆರೆ ಉಳಿಸುತ್ತಿದ್ದರು. ಸಭ್ಯತೆಗೆಂದು ಮಾಡಿದ ನಿಯಮ ಬಹುಪಾಲು ಹೆಂಗಸರಿಗಿಲ್ಲದ ಅಂಗವೊಂದನ್ನು ಸೃಷ್ಟಿಸಿತು.

ಇಂಥ ಚಿತ್ರಗಳು ನೋಡುವವರ ಮನಸ್ಸಿನಲ್ಲಿ ಏನು ಮಾಡುತ್ತವೆ ಎಂಬುದಕ್ಕೆ ಒಂದು ಚಿಕ್ಕ, ಚೊಕ್ಕ ಪ್ರಯೋಗವಿದೆ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕ್ಲೇರ್ ಮೊರಾನ್ ಮತ್ತು ಕ್ರಿಸ್ಟೀನಾ ಲೀ 18ರಿಂದ 30 ವಯಸ್ಸಿನ 97 ಹೆಂಗಸರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ತಿದ್ದಿದ ಚಿತ್ರಗಳು, ಒಂದಕ್ಕೆ ತಿದ್ದದವು, ಮೂರನೆಯದಕ್ಕೆ ಏನೂ ಇಲ್ಲ. ಆಮೇಲೆ ಎಲ್ಲರಿಗೂ ಎರಡೂ ಬಗೆಯ ಚಿತ್ರಗಳನ್ನು ತೋರಿಸಿ ಯಾವುದು ಸಹಜ ಎಂದು ಕೇಳಿದರು. ತಿದ್ದಿದ ಚಿತ್ರಗಳನ್ನು ಮೊದಲು ನೋಡಿದವರಿಗೆ ಅವೇ ಹೆಚ್ಚು ಸಹಜವಾಗಿ ಕಂಡವು. ಕೆಲವು ನಿಮಿಷ ನೋಡಿದ್ದಕ್ಕೆ ಹೀಗೆ.

ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ 2015–16ರ ಒಂದು ವರ್ಷದಲ್ಲಿ 18 ತುಂಬದ 200ಕ್ಕೂ ಹೆಚ್ಚು ಹುಡುಗಿಯರಿಗೆ ಒಳತುಟಿಯನ್ನು ಕತ್ತರಿಸಿ ಚಿಕ್ಕದು ಮಾಡುವ ಶಸ್ತ್ರಕ್ರಿಯೆ ನಡೆಯಿತು. ಅವರಲ್ಲಿ 150ಕ್ಕೂ ಹೆಚ್ಚು ಮಂದಿಗೆ 15 ಕೂಡ ತುಂಬಿರಲಿಲ್ಲ. ಮೈ ಇನ್ನೂ ಬೆಳೆಯುವ ವಯಸ್ಸು ಅದು. ನರಗಳು ತುಂಬಿರುವ ಅಂಗ, ಒಮ್ಮೆ ಕತ್ತರಿಸಿದ್ದು ಮತ್ತೆ ಬರುವುದಿಲ್ಲ. ಕೆಲವರಿಗೆ ನಿಜವಾದ ನೋವು, ತೊಂದರೆ ಇರುತ್ತದೆ, ಅದು ಬೇರೆ ಮಾತು. 18 ತುಂಬುವ ಮುಂಚೆ ಚೆಂದಕ್ಕೆಂದು ಇಂಥ ಶಸ್ತ್ರಕ್ರಿಯೆ ಮಾಡಬಾರದೆಂದು ಅಲ್ಲಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು 2013ರಲ್ಲೇ ಹೇಳಿತ್ತು.

ಕತ್ತರಿಸುವ ಮೊದಲು ಸಹಜ ಎಂದರೆ ಎಷ್ಟು ಎಂದು ಗೊತ್ತಿರಬೇಕಲ್ಲವೇ? ಅಚ್ಚರಿಯೆಂದರೆ ಆ ಅಳತೆಯನ್ನು ಗಂಭೀರವಾಗಿ ಹಿಡಿದವರು ಬಹಳ ಕಡಿಮೆ. 2005ರಲ್ಲಿ ಲಂಡನ್ನಿನ ಜಿಲಿಯನ್ ಲಾಯ್ಡ್ ಮತ್ತು ಸಹವೈದ್ಯೆಯರು 50 ಹೆಂಗಸರನ್ನು ಅಳೆದರು. ಒಳತುಟಿಯ ಅಗಲ ಒಬ್ಬಳಲ್ಲಿ 7 ಮಿಲಿಮೀಟರ್, ಇನ್ನೊಬ್ಬಳಲ್ಲಿ 50. ಉದ್ದ 20ರಿಂದ 100 ಮಿಲಿಮೀಟರ್. ಬರೀ 50 ಜನರಲ್ಲಿ ಇಷ್ಟು ಅಂತರ! 2018ರಲ್ಲಿ ಸ್ವಿಟ್ಜರ್‌ಲೆಂಡಿನ ಲುಸರ್ನ್ ಆಸ್ಪತ್ರೆಯ ವೈದ್ಯರು 15ರಿಂದ 84 ವಯಸ್ಸಿನ 657 ಹೆಂಗಸರ ಅಳತೆ ಪ್ರಕಟಿಸಿದರು. ಅಲ್ಲಿ ಉದ್ದ 5ರಿಂದ 100 ಮಿಲಿಮೀಟರ್. ಇದು ಸಹಜ, ಇದು ಅಲ್ಲ ಎಂದು ಗೆರೆ ಎಳೆಯಲು ಸಾಧ್ಯವೇ ಇಲ್ಲದಷ್ಟು ಹರವು. ಆದರೆ ಈ 657 ಜನರೂ ಬಿಳಿಯರೇ. ಒಬ್ರಾಯನ್ ಸಮೀಕ್ಷೆ ನಡೆದು ಹತ್ತಿರ ಹತ್ತಿರ ಎಂಬತ್ತು ವರ್ಷಗಳ ನಂತರವೂ ಜರಡಿಯ ಆ ಒಂದು ಕಣ್ಣು ಹಾಗೇ ಇತ್ತು.

ಚಿತ್ರದಿಂದ ಹುಟ್ಟಿದ ರೋಗಕ್ಕೆ ಚಿತ್ರವೇ ಮದ್ದು ಎಂದು ಹೊರಟವರೂ ಇದ್ದಾರೆ. ಬ್ರೈಟನ್ನಿನ ಕಲಾವಿದ ಜೇಮಿ ಮೆಕಾರ್ಟ್ನಿ ಐದು ವರ್ಷ ಕೂತು 400 ಹೆಂಗಸರ ಪ್ಲಾಸ್ಟರ್ ಅಚ್ಚುಗಳನ್ನು ತೆಗೆದು, 2011ರಲ್ಲಿ ಒಂದು ಉದ್ದನೆಯ ಗೋಡೆಯಾಗಿ ಜೋಡಿಸಿದ. ಹೆಚ್ಚು ಉಪಯೋಗಕ್ಕೆ ಬಂದದ್ದು ಮೆಲ್ಬರ್ನಿನ 'ವುಮೆನ್ಸ್ ಹೆಲ್ತ್ ವಿಕ್ಟೋರಿಯಾ' ಸಂಸ್ಥೆ 2013ರಲ್ಲಿ ತೆರೆದ 'ಲೇಬಿಯಾ ಲೈಬ್ರರಿ'. ಅದೊಂದು ಚಿತ್ರಶಾಲೆ, ಯಾರು ಬೇಕಾದರೂ ಫೋನಿನಲ್ಲೇ ನೋಡಬಹುದು. ಒಪ್ಪಿಗೆ ಕೊಟ್ಟ ಹೆಂಗಸರ ತಿದ್ದದ ಫೋಟೋಗಳು, ಪಕ್ಕದಲ್ಲಿ ಸರಳ ವಿವರಣೆ. ಕೆರಳಿಸುವ ಭಂಗಿಯಿಲ್ಲ, ಹೆದರಿಸುವ ವೈದ್ಯಕೀಯ ಭಾಷೆಯೂ ಇಲ್ಲ. ಫ್ರಾನ್ಸಿನ ಒಡೀಲ್ ಫಿಯೋ 2016ರಲ್ಲಿ ಭಗಾಂಕುರದ ಪೂರ್ತಿ ರೂಪವನ್ನು ಶಾಲೆಗಳು ಡೌನ್‌ಲೋಡ್ ಮಾಡಿ 3ಡಿ ಮುದ್ರಣ ಮಾಡಿಕೊಳ್ಳುವಂತೆ ಇಟ್ಟರು. ಮರುವರ್ಷ ಅಲ್ಲಿನ ಒಂದು ಶಾಲಾ ವಿಜ್ಞಾನ ಪುಸ್ತಕದಲ್ಲಿ ಮೊದಲ ಬಾರಿಗೆ ಅದರ ಸರಿಯಾದ ಚಿತ್ರ ಬಂತು. ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಯೋನಿದ್ವಾರದ ಕುರಿತ ಲೇಖನಕ್ಕೆ ಒಂದೇ ಚಿತ್ರದ ಬದಲು ಹಲವರ ಚಿತ್ರಗಳನ್ನು ಜೋಡಿಸಿದ್ದಾರೆ. ಸಣ್ಣ ಬದಲಾವಣೆ ಅನ್ನಿಸಬಹುದು. ಆದರೆ ವಿಶ್ವಕೋಶದಲ್ಲಿ ಒಂದು ಚಿತ್ರವಿದ್ದರೆ ಅದು ತಾನಾಗಿಯೇ ನಾರ್ಮಾ ಆಗುತ್ತದೆ, ಹಾಕಿದವರ ಉದ್ದೇಶ ಏನೇ ಇರಲಿ. ಹತ್ತು ಚಿತ್ರಗಳಿದ್ದರೆ ನೋಡುವವಳು ತನ್ನನ್ನು ಒಂದರ ಜೊತೆ ಹೋಲಿಸುವ ಬದಲು ಹತ್ತರ ನಡುವೆ ಇಟ್ಟು ನೋಡುತ್ತಾಳೆ.

ಆದರೂ ಈ ಹೊಸ ಸಂಗ್ರಹಗಳಲ್ಲಿ ಯಾರ ಚಿತ್ರ ಬರುತ್ತದೆ? ಕೊಡಲು ಒಪ್ಪಿದವರದು. ಒಪ್ಪುವ ಧೈರ್ಯ, ಅನುಕೂಲ, ಕಾನೂನಿನ ರಕ್ಷಣೆ ಎಲ್ಲ ಕಡೆ ಒಂದೇ ತೆರನಾಗಿಲ್ಲ. ಒಪ್ಪಿಗೆಯಿಲ್ಲದೆ ತೆಗೆದ ಚಿತ್ರಗಳು ಸುಲಭವಾಗಿ ಹರಿದಾಡುವ ನಮ್ಮಂಥ ದೇಶದಲ್ಲಿ ಹೆಣ್ಣುಮಗಳೊಬ್ಬಳು ಇಂಥ ಕೆಲಸಕ್ಕೆ ಫೋಟೋ ಕೊಡಲು ಹಿಂಜರಿದರೆ ತಪ್ಪೆನ್ನುವುದು ಹೇಗೆ? ಇದಕ್ಕೆ ಫೋಟೋ ಒಂದೇ ದಾರಿಯಲ್ಲ. 2021ರ ಕೊನೆಯಲ್ಲಿ ನೈಜೀರಿಯಾದ ವೈದ್ಯಕೀಯ ಚಿತ್ರಗಾರ ಚಿಡಿಯೆಬೆರೆ ಇಬೆ ಬರೆದ, ಕಪ್ಪು ತಾಯಿಯ ಗರ್ಭದಲ್ಲಿರುವ ಕಪ್ಪು ಶಿಶುವಿನ ಚಿತ್ರ ಜಗತ್ತೆಲ್ಲ ಸುತ್ತಿತು. ಅಂಥದನ್ನು ಹಿಂದೆಂದೂ ನೋಡಿಯೇ ಇರಲಿಲ್ಲವೆಂದು ಸಾವಿರಾರು ಜನ ಹೇಳಿದರು, ಅವರಲ್ಲಿ ವೈದ್ಯರೂ ಇದ್ದರು. ಅದಕ್ಕೆ ಯಾರೂ ಬಟ್ಟೆ ಬಿಚ್ಚಿ ನಿಲ್ಲಬೇಕಾಗಿರಲಿಲ್ಲ. ಚೆನ್ನಾಗಿ ಬಲ್ಲ ಒಂದು ಕೈ, ಒಂದು ಕುಂಚ ಸಾಕಾಯಿತು.

ಕೈ ಮತ್ತು ಕುಂಚದ ಮಾತು ಬಂದಾಗ ಮತ್ತೆ ಡಿಕಿನ್‌ಸನ್ ನೆನಪಾಗುತ್ತಾನೆ. ಅವನು ತೀರಿಕೊಂಡದ್ದು 1950ರಲ್ಲಿ. ಕ್ಲೀವ್‌ಲ್ಯಾಂಡಿನಲ್ಲಿದ್ದ ನಾರ್ಮಾ ಮುಂದೆ ಬಾಸ್ಟನ್ನಿಗೆ ಬಂದಳು. ಹಾರ್ವರ್ಡಿನ ಕೌಂಟ್‌ವೇ ವೈದ್ಯಕೀಯ ಗ್ರಂಥಾಲಯಕ್ಕೆ ಸೇರಿದ ವಾರೆನ್ ಅಂಗರಚನಾ ಸಂಗ್ರಹಾಲಯದಲ್ಲಿ ಈಗ ಅವಳ ವಾಸ. ಡಿಕಿನ್‌ಸನ್‌ನ ಕಾಗದಪತ್ರಗಳೂ ಅದೇ ಗ್ರಂಥಾಲಯದಲ್ಲಿವೆ.